ನಾಲಾದ ಬಾಯಿ

ಗಮ್‌ಬೂಟು ಎರಡೇ ಜೋಡಿ ಬಂದಿದ್ದವು. ನಾಲಾಕ್ಕೆ ಇಳಿಯುವವರು ಮೂವರು.

ಪ್ರೊಫೆಸರರು ಜೀಪಿನ ಹಿಂಬಾಗಿಲು ತೆಗೆದು ಒಂದು ಜೋಡಿಯನ್ನು ಬೆಂಗಳೂರಿನ ಹುಡುಗನಿಗೆ ಕೊಟ್ಟರು. ಇನ್ನೊಂದನ್ನು ಉಡುಪಿಯ ಹುಡುಗನಿಗೆ ಕೊಟ್ಟರು. ಆಮೇಲೆ ನನ್ನ ಕಡೆ ನೋಡಿ ನಕ್ಕರು.

"ನಿನಗೆ ಬೇಕಾಗಲ್ಲ ಅಲ್ವಾ ಸೋನಾಲಿ? ನೀನು ಇಲ್ಲಿಯವಳೇ. ನಿಮ್ಮವರಿಗೆಲ್ಲ ಇದು ರೂಢಿ ಇರುತ್ತೆ."

ನಿಮ್ಮವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಚಪ್ಪಲಿ ಕಳಚಿದೆ. ಪ್ಯಾಂಟನ್ನು ಮೊಣಕಾಲ ಮೇಲೆ ಮಡಚಿದೆ. ಇಳಿದೆ.

ನಾಲಾ ಸಕ್ಕರೆ ಫ್ಯಾಕ್ಟರಿಯ ಹಿಂದಿನ ಗೋಡೆಯಿಂದ ಶುರುವಾಗುತ್ತದೆ. ಅಲ್ಲಿ ಒಂದು ದೊಡ್ಡ ಸಿಮೆಂಟಿನ ಪೈಪಿದೆ. ಸಕ್ಕರೆ ಮಾಡಿ ಉಳಿದ ಕಾಕಂಬಿಯಿಂದ ಒಳಗೆ ಸ್ಪಿರಿಟ್ ತೆಗೆಯುತ್ತಾರೆ. ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಕರಿ ನೀರು ಆ ಪೈಪಿನಿಂದ ಬರುತ್ತದೆ. ಊರವರು ಅದನ್ನು ಮಳಿ ನೀರು ಎನ್ನುತ್ತಾರೆ; ಮಳೆಯಲ್ಲ, ಮರಾಠಿಯಲ್ಲಿ ಮಳಿ ಎಂದರೆ ಕಾಕಂಬಿ. ಕೊಳೆತ ಬೆಲ್ಲದ ವಾಸನೆ. ಮುಟ್ಟಿದರೆ ಬೆಚ್ಚಗಿರುತ್ತದೆ. ನಾಲಾ ಕಬ್ಬಿನ ಗದ್ದೆಗಳ ನಡುವೆ ಹರಿದು ನಮ್ಮ ಓಣಿಯ ಪಕ್ಕದಲ್ಲೇ ದೂಧಗಂಗಾ ಹೊಳೆಗೆ ಕೂಡುತ್ತದೆ. ಸದಲಗಾದಿಂದ ಕೆಳಗಿರುವ ಹಳ್ಳಿ ನಮ್ಮದು. ಊರು ದಿಬ್ಬದ ಮೇಲಿದೆ. ನಮ್ಮ ಓಣಿ ಹೊಳೆಯ ದಂಡೆಗಿದೆ. ಮಹಾಪೂರ ಬಂದಾಗ ಮೊದಲು ಮುಳುಗುವುದು ನಾವು. ಮಳಿ ನೀರು ಬಂದಾಗ ಮೊದಲು ಮೂಗಿಗೆ ಹೊಡೆಯುವುದು ನಮಗೆ.

ನನ್ನ ಅವ್ವ ಮಂಗಲ ಆ ಹೊಳೆಯಲ್ಲಿ ಮೀನು, ಏಡಿ ಹಿಡಿದು ಸದಲಗಾದ ಸಂತೆಯಲ್ಲಿ ಮಾರುತ್ತಾಳೆ. ಅದರಿಂದಲೇ ನನ್ನನ್ನು ಓದಿಸಿದಳು. ನಾನು ಕಾರವಾರಕ್ಕೆ ಹೋಗಿ ಕಡಲ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಅಲ್ಲಿ ಅಳಿವೆಯ ಕೆಸರಿನಲ್ಲಿ ನಿಂತು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿಗೆ ಅಂಟಿದ ಕಲ್ವೆ ಚಿಪ್ಪು ಎಣಿಸಿದ್ದೇನೆ. ಸೀಗಡಿ ಮರಿಗಳನ್ನು ಅಂಗೈಯಲ್ಲಿ ಹಿಡಿದಿದ್ದೇನೆ. ಆಗಲೂ ಕಾಲಿಗೆ ಕೆಸರು ಹತ್ತುತ್ತಿತ್ತು. ಸುಡುತ್ತಿರಲಿಲ್ಲ.

ಪ್ರೊಫೆಸರರದು ಕಡಲ ದಂಡೆಯ ಒಂದು ದೊಡ್ಡ ಸಂಸ್ಥೆ. ಕೃಷ್ಣೆ ಪೂರ್ವದ ಕಡಲಿಗೆ ಸೇರುವ ಕಡೆ ಕಾಂಡ್ಲಾ ಕಾಡು ಒಣಗುತ್ತಿತ್ತು. ಸೀಗಡಿ ಮರಿ, ಏಡಿ ಮರಿ ಕಡಿಮೆಯಾಗುತ್ತಿದ್ದವು. ಮೇಲಿನಿಂದ ಏನೇನು ಹರಿದು ಬರುತ್ತದೆ, ಯಾವ ಹೊಳೆಯಿಂದ ಎಷ್ಟು ಬರುತ್ತದೆ ಎಂದು ಪತ್ತೆ ಮಾಡಬೇಕಿತ್ತು. ದೂಧಗಂಗಾ ಕೃಷ್ಣೆಗೆ ಕೂಡುತ್ತದಲ್ಲ, ಅದಕ್ಕೇ ನಮ್ಮ ಕಡೆಗೂ ಬಂದರು. ನನ್ನನ್ನು ಪ್ರಾಜೆಕ್ಟಿಗೆ ತೆಗೆದುಕೊಂಡರು. ಇದೇ ವಿಷಯದ ಮೇಲೆ ಪಿಎಚ್.ಡಿ. ಮಾಡಿಸುತ್ತೇನೆ ಎಂದರು. ಅವ್ವ ಓಣಿಗೆಲ್ಲ ಬೆಲ್ಲ ಹಂಚಿದಳು.

ಕೆಲಸ ಹೀಗಿತ್ತು. ನಾನು ನಾಲಾದ ತಳದ ರಾಡಿಯನ್ನು ಬುಟ್ಟಿಯಲ್ಲಿ ತುಂಬಿ ಮೇಲೆ ಹೊರಬೇಕು. ಜರಡಿ ಹಿಡಿದು ತೊಳೆಯಬೇಕು. ಉಳಿದದ್ದರಲ್ಲಿ ಹುಳು, ಚಿಪ್ಪು, ಮರಿ ಏನಿದೆ ಎಂದು ಬೆರಳಿನಿಂದ ಹೆಕ್ಕಬೇಕು. ನೀರಿನ ಕ್ಯಾನು ಹೊತ್ತು ದಂಡೆ ಹತ್ತಬೇಕು. ಬೂಟು ಹಾಕಿದ ಹುಡುಗರು ದಂಡೆಯ ಮೇಲೆ ನಿಂತು ಬರೆದುಕೊಳ್ಳುತ್ತಿದ್ದರು. ಪ್ರೊಫೆಸರರು ಫೋಟೋ ತೆಗೆಯುತ್ತಿದ್ದರು. ಫೋಟೋ ತೆಗೆಯುವಾಗ ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿ, ಉಡುಪಿಯ ಹುಡುಗನ ಕೈಗೆ ಜರಡಿ ಕೊಡುತ್ತಿದ್ದರು.

ನಾಲಾದಲ್ಲಿ ಕೆಂಪು ಹುಳ ಬಿಟ್ಟು ಬೇರೆ ಜೀವ ಇರಲಿಲ್ಲ. ಗಾಳಿಯಿಲ್ಲದ ನೀರಿನಲ್ಲಿ ಬದುಕುವುದು ಅದೊಂದೇ. ನನ್ನ ಪಾದದ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಸುಲಿಯಿತು. ಬೆರಳ ಸಂದಿಯಲ್ಲಿ ಕೀವು ಬಂತು. ಅವ್ವ ಅರಿಸಿನ ಎಣ್ಣೆ ಹಚ್ಚುತ್ತ ಬೈಯುತ್ತಿದ್ದಳು.

"ಇಷ್ಟ ಕಲಿಸಿದ್ದು ಮತ್ತ ರಾಡ್ಯಾಗ ಇಳ್ಯಾಕೇನ? ರಾಡಿ ಹೊರೂದು ನಿಮ್ಮಜ್ಜನ ಕಾಲಕ್ಕ ಮುಗೀಲಿಲ್ಲೇನ?"

"ಇದು ಅಭ್ಯಾಸ ಬೇ ಅವ್ವ."

"ಹಂಗಾದ್ರ ಅವರ್ಯಾಕ ಅಭ್ಯಾಸ ಮಾಡವಲ್ರು?"

ತಂಡಕ್ಕೆ ಫ್ಯಾಕ್ಟರಿಯ ಗೆಸ್ಟ್‌ಹೌಸಿನಲ್ಲೇ ಇಳಿಯುವ ವ್ಯವಸ್ಥೆಯಾಗಿತ್ತು. ಯಾರ ನೀರನ್ನು ಪರೀಕ್ಷೆ ಮಾಡಬೇಕೋ ಅವರ ಮನೆಯಲ್ಲೇ ಊಟ. ಇದು ಸರಿಯೇ ಎಂದು ಕೇಳಿದ್ದೆ. "ಸುತ್ತ ಬೇರೆ ಲಾಡ್ಜ್ ಇಲ್ಲಮ್ಮ" ಎಂದಿದ್ದರು. ಚಿಕ್ಕೋಡಿಯಲ್ಲಿ ಲಾಡ್ಜುಗಳಿವೆ. ನಿಪ್ಪಾಣಿಯಲ್ಲಿವೆ.

ಮೊದಲ ಸಲ ಊಟಕ್ಕೆ ಕುಳಿತಾಗ ಫ್ಯಾಕ್ಟರಿಯ ಮ್ಯಾನೇಜರ ಅಣ್ಣಾಸಾಬ ಬಂದು ಎದುರಿಗೆ ನಿಂತ.

"ಯಾವೂರವ್ವಾ ನಿಂದು?"

"ಇದ ಊರ್ರಿ."

"ಹೌದಾ? ಯಾವ ಓಣಿ?"

"ಹೊಳಿ ದಂಡಿ ಓಣಿರಿ."

ಅವನು ಅಡುಗೆಯವನ ಕಡೆ ನೋಡಿದ. ಅಡುಗೆಯವನು ನನ್ನ ಮುಂದಿನ ಸ್ಟೀಲಿನ ತಾಟು ಎತ್ತಿಕೊಂಡ. ಒಂದು ಕಾಗದದ ತಾಟು ತಂದ. ಟೇಬಲ್ಲಿನ ಮೇಲೆ ಇಡಲಿಲ್ಲ. ಕೈಯಲ್ಲೇ ಹಿಡಿದು ನಿಂತ.

"ಇಲ್ಲಿ ಭಾಳ ಸೆಕಿ ಐತವ್ವಾ. ಹೊರಗ ಕಟ್ಟಿ ಮ್ಯಾಲ ಗಾಳಿಗೆ ಆರಾಮ ಕುಂದರ" ಎಂದ ಅಣ್ಣಾಸಾಬ.

ತಲೆಯ ಮೇಲೆ ಎ.ಸಿ. ಓಡುತ್ತಿತ್ತು. ಪ್ರೊಫೆಸರರು ಜೋಳದ ಭಕ್ಕರಿ ಮುರಿಯುತ್ತಿದ್ದರು. ತಲೆ ಎತ್ತಲಿಲ್ಲ. ನಾನು ಹೊರಗೆ ಬಂದೆ. ಜೀಪಿನ ಡ್ರೈವರ್ ತೌಸಿಫ ಆಗಲೇ ಕಟ್ಟೆಯ ಮೇಲೆ ಕಾಗದದ ತಾಟು ಹಿಡಿದು ಕುಳಿತಿದ್ದ. ಚಿಕ್ಕೋಡಿಯವನು. ಜೀಪು ಅವನದೇ, ಬಾಡಿಗೆಗೆ ಬಂದಿದ್ದ. ಅವನ ಓಣಿಯನ್ನು ಯಾರೂ ಕೇಳಿರಲಿಲ್ಲ. ಹೆಸರೇ ಸಾಕಾಗಿತ್ತು.

"ಬರ್ರಿ ಅಕ್ಕಾ" ಎಂದು ಸರಿದು ಜಾಗ ಮಾಡಿದ.

ಸಂಜೆ ಪ್ರೊಫೆಸರರು ನನ್ನನ್ನು ಕರೆದು ಹೇಳಿದರು. "ಇದೆಲ್ಲ ಲೋಕಲ್ ಸೂಕ್ಷ್ಮ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಮ್ಮ ಕೆಲಸ ವಿಜ್ಞಾನ." ಮರುದಿನದಿಂದ ನಾನು ಮನೆಯಿಂದ ಭಕ್ಕರಿ ಕಟ್ಟಿಕೊಂಡು ಬಂದೆ.

ಜೂನಿನ ಮೃಗಶಿರಾ ಮಳೆ, ನಮ್ಮ ಕಡೆಯ ಮಿರಗ, ಜೋರಾಗಿ ಬಿದ್ದ ಮರುದಿನ ಬೆಳಿಗ್ಗೆ ಅವ್ವ ಹೊಳೆಯಿಂದ ಕೂಗಿದಳು.

"ಸೋನಾ, ಮೀನ ಎಲ್ಲಾ ಬಾಯಿ ತಗದಾವ್ ನೋಡ ಬಾ!"

ಓಡಿದೆ. ಫ್ಯಾಕ್ಟರಿಯವರು ಮೊದಲ ಮಳೆಗೆ ಕಾದಿದ್ದರು. ತಿಂಗಳುಗಟ್ಟಲೆ ಹೊಂಡದಲ್ಲಿ ಕೂಡಿಟ್ಟ ಮಳಿ ನೀರನ್ನೆಲ್ಲ ಮಳೆಯ ನೀರಿನ ಜೊತೆ ಬಿಟ್ಟಿದ್ದರು. ಪೈಪು ಭೋರ್ಗರೆಯುತ್ತಿತ್ತು. ನಾಲಾದ ಬಾಯಿಂದ ಕೆಳಗೆ ಹೊಳೆ ಚಹ ಸೋಸಿ ಉಳಿದ ಗಷ್ಟಿನ ಬಣ್ಣಕ್ಕೆ ತಿರುಗಿತ್ತು. ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದವು. ಸಣ್ಣವು ಆಗಲೇ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಏಡಿಗಳು ಹೊಳೆ ಬಿಟ್ಟು ದಂಡೆ ಹತ್ತಿ ಬಂದಿದ್ದವು. ಊರಿನ ಜನ ಬುಟ್ಟಿ, ಕೊಡ, ಗೊಬ್ಬರದ ಚೀಲ ಹಿಡಿದು ಬಂದರು. ಪುಕ್ಕಟೆ ಮೀನು ಎಂದು ನಗುತ್ತಿದ್ದರು. ತಿನ್ನಬೇಡಿ ಎಂದು ಕೂಗಿದೆ. ಯಾರು ಕೇಳುತ್ತಾರೆ?

ಅವ್ವ ಒಂದನ್ನೂ ಎತ್ತಲಿಲ್ಲ. ಒಂದು ದೊಡ್ಡ ಮೀನನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅದರ ಹೊಟ್ಟೆ ಉಬ್ಬಿತ್ತು.

"ತತ್ತಿ ಇಡಾಕ ಮ್ಯಾಲ ಹೊಂಟಿತ್ತ ಇದು. ಬಸರಿ ಐತಿ. ಇವರ ಮನ್ಯಾಗ ಬಸರಿ ಹೆಂಗಸರ ಇಲ್ಲೇನ?"

ನಾನು ಪ್ರೊಫೆಸರರಿಗೆ ಫೋನ್ ಮಾಡಿದೆ. "ಸರ್, ಈಗಲೇ ಬನ್ನಿ. ಪೈಪ್ ಬಿಟ್ಟಿದ್ದಾರೆ. ಈ ನೀರು ಸಿಕ್ಕರೆ ಎಲ್ಲ ಗೊತ್ತಾಗುತ್ತೆ."

"ಇವತ್ತು ಫ್ಯಾಕ್ಟರಿ ಚೇರ್ಮನ್ನರ ಜೊತೆ ಮೀಟಿಂಗ್ ಇದೆ. ಮಳೆ ನಿಂತ ಮೇಲೆ ನೋಡೋಣ."

"ಅಷ್ಟರಲ್ಲಿ ಹೊಳೆ ತೊಳೆದು ಹೋಗುತ್ತೆ ಸರ್."

"ಹೋಗಲಿ ಬಿಡು" ಎಂದು ಇಟ್ಟರು.

ತೌಸಿಫನನ್ನು ಕರೆದೆ. ಯಾರನ್ನೂ ಕೇಳದೆ ಬಾಟಲಿಗಳ ಪೆಟ್ಟಿಗೆ ಜೀಪಿಗೆ ಹಾಕಿಕೊಂಡು ಬಂದ. ನಾಲಾದ ಬಾಯಿಯಲ್ಲಿ ಸೊಂಟದವರೆಗೆ ಇಳಿದೆ. ಸುಲಿದ ಪಾದಕ್ಕೆ ಬಿಸಿ ನೀರು ತಾಗಿ ಕಣ್ಣಿಗೆ ಕತ್ತಲೆ ಬಂತು. ಅವ್ವ ನನ್ನ ಓಢಣಿಯ ತುದಿ ಹಿಡಿದು ದಂಡೆಯಲ್ಲಿ ನಿಂತಳು. ನಾಲಾದಲ್ಲಿ ಬಾಟಲಿ ತುಂಬಿದೆ. ಆಮೇಲೆ ಹೊಳೆಯ ನಡುವೆ ಈಜಿ ಹೋಗಿ ತುಂಬಿದೆ. ಹೊಳೆಯ ನೀರಿಗೆ ದಂಡೆಯಲ್ಲೇ ಪರೀಕ್ಷೆಯ ಔಷಧ ಹನಿಸಿದೆ. ನೀರಿನಲ್ಲಿ ಗಾಳಿ ಇದ್ದರೆ ಅದು ಕಂದು ಬಣ್ಣಕ್ಕೆ ತಿರುಗಬೇಕು. ಬಾಟಲಿಯ ತಳದಲ್ಲಿ ಅದು ಬೆಳ್ಳಗೇ ಕೂತಿತು. ಹೊಳೆಗೆ ಉಸಿರಿರಲಿಲ್ಲ.

ಪ್ರೊಫೆಸರರು ಬಂದಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸತ್ತ ಮೀನು ಎಲ್ಲಿಗೋ ಹೋಗಿದ್ದವು. ನನ್ನ ಬಾಟಲಿಗಳನ್ನು ನೋಡಿ ಅವರ ಮುಖ ಗಂಟಾಯಿತು.

"ನನ್ನ ಅಪ್ಪಣೆ ಇಲ್ಲದೆ ತೆಗೆದದ್ದು ಸ್ಯಾಂಪಲ್ ಅಲ್ಲ. ಚೆಲ್ಲು."

"ಸರ್..."

"ನೀನೇ ಚೆಲ್ಲು. ತೊಳೆದು ಇಡು. ಬಾಟಲಿ ಸಂಸ್ಥೆಯದು."

ಇಬ್ಬರು ಹುಡುಗರೂ ಅಲ್ಲೇ ಇದ್ದರು. ಒಬ್ಬ ಮೊಬೈಲು ನೋಡುತ್ತಿದ್ದ. ಗೆಸ್ಟ್‌ಹೌಸಿನ ಹಿಂದಿನ ನಲ್ಲಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಬಾಟಲಿ ಬಗ್ಗಿಸಿದೆ. ಕರಿ ನೀರು ಬಚ್ಚಲಿಗೆ ಹೋಯಿತು. ಅಡುಗೆಯವನು ಬಂದು, ತನ್ನ ಪಾತ್ರೆಗಳನ್ನು ಆ ನಲ್ಲಿಯಿಂದ ದೂರ ಎಳೆದುಕೊಂಡು ಹೋದ.

ಕೆಲವು ವಾರಗಳ ನಂತರ ಫ್ಯಾಕ್ಟರಿ ತನ್ನ ಸ್ಪಿರಿಟ್ ಘಟಕವನ್ನು ದೊಡ್ಡದು ಮಾಡಲು ಹೊರಟಿತು. ಅದಕ್ಕೆ ಜನರ ಅಹವಾಲು ಕೇಳುವ ಸಭೆ ಆಗಬೇಕು. ಕಡಲ ಸಂಸ್ಥೆಯ ವಿಜ್ಞಾನಿಗಳ ವರದಿ ಸಭೆಯ ಮುಂದೆ ಬರುತ್ತದೆ ಎಂದು ಊರಲ್ಲಿ ಡಂಗುರ ಹೊಡೆಸಿದರು. ಪ್ರೊಫೆಸರರು ನನ್ನನ್ನು ಕರೆದು ಇಂಗ್ಲಿಷಿನ ವರದಿ ಕೊಟ್ಟು, ಊರವರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದು ಸಭೆಯಲ್ಲಿ ಓದು ಎಂದರು.

ಓದುತ್ತ ಹೋದೆ. ಫ್ಯಾಕ್ಟರಿಯ ನೀರಿನಿಂದ ಗಮನಾರ್ಹ ತೊಂದರೆ ಇಲ್ಲ ಎಂದಿತ್ತು. ಮಿರಗದಲ್ಲಿ ಮೀನು ಸತ್ತದ್ದಕ್ಕೆ ಕಾರಣವೂ ಇತ್ತು. ಹೊಳೆ ದಂಡೆಯ ನಿವಾಸಿಗಳು ಬ್ಲೀಚಿಂಗ್ ಪುಡಿ ಹಾಕಿ ಮೀನು ಹಿಡಿಯುತ್ತಾರಂತೆ. ಕೆಳಗೆ ಕಡಲಿನ ಜೀವಗಳಿಗೂ ಅದರಿಂದ ಅಪಾಯವಂತೆ. ಅವರನ್ನು ಹೊಳೆಯಿಂದ ದೂರ ಇಡಬೇಕಂತೆ.

"ಸರ್, ಹೊಳೆ ದಂಡೆಯ ನಿವಾಸಿ ಅಂದರೆ ನನ್ನ ತಾಯಿ."

"ವೈಯಕ್ತಿಕವಾಗಿ ತಗೋಬೇಡ."

"ಬ್ಲೀಚಿಂಗ್ ಪುಡಿ ಯಾರು ನೋಡಿದ್ದಾರೆ? ನೀವು ನೋಡಿದಿರಾ?"

"ಮ್ಯಾನೇಜರ್ ಹೇಳಿದ್ದಾರೆ. ನಿನ್ನ ಹತ್ತಿರ ಬೇರೆ ಆಧಾರ ಇದೆಯಾ?"

"ಇತ್ತು. ನೀವೇ ಚೆಲ್ಲಿಸಿದಿರಿ."

ಅವರು ಕನ್ನಡಕ ತೆಗೆದು ಒರೆಸಿದರು. ದನಿ ಏರಿಸಲಿಲ್ಲ.

"ನೋಡು. ನಿನ್ನ ಪಿಎಚ್.ಡಿ. ನನ್ನ ಕೈಯಲ್ಲಿದೆ. ನಿನ್ನ ಓಣಿಯಿಂದ ಎಷ್ಟು ಜನ ಡಾಕ್ಟರೇಟ್ ಆಗಿದ್ದಾರೆ? ಒಬ್ಬರೂ ಇಲ್ಲ. ನೀನಾಗಬಹುದು. ನಾನು ಓದಿದರೆ ಜನ ಗಲಾಟೆ ಮಾಡ್ತಾರೆ. ನಿನ್ನ ಬಾಯಲ್ಲಿ ಬಂದರೆ ನಂಬ್ತಾರೆ."

ಅದಕ್ಕೇ ನನ್ನನ್ನು ತೆಗೆದುಕೊಂಡಿದ್ದರು. ರಾಡಿ ಹೊರಲು ಕಾಲು ಬೇಕಿತ್ತು. ಸುಳ್ಳು ಹೇಳಲು ಬಾಯಿ ಬೇಕಿತ್ತು.

ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲಿ ಕುಳಿತಿದ್ದಳು. ಮಡಿಲಲ್ಲಿ ಕರಕಾದ ನೂಲಿನ ಉಂಡೆ. ಫ್ಯಾಕ್ಟರಿಯ ವಾಚ್‌ಮನ್ನರು ಹೊಳೆಗೆ ಬಂದು ಅವಳ ಬಲೆ ಕಸಿದು, ಡೀಸೆಲ್ ಹಾಕಿ ಸುಟ್ಟಿದ್ದರು. ಬಿಡಿಸಿಕೊಳ್ಳಲು ಹೋದವಳ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

"ನಾವು ಹೊಳಿಗೆ ಇಸಾ ಹಾಕತೀವಂತ. ಸೈನ್ಸಿನ ಮಂದಿ ಬರದಾರಂತ." ನನ್ನ ಮುಖ ನೋಡಿದಳು. "ನೀನ ಬರದೀ ಏನ?"

"ಇಲ್ಲ ಬೇ ಅವ್ವ."

"ಖರೇನ ಹೇಳ."

"ನಿನ್ನ ಆಣಿ, ನಾ ಬರದಿಲ್ಲ."

ಅವಳು ತಲೆ ಅಲ್ಲಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ನನ್ನ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ.

ಸಭೆ ಫ್ಯಾಕ್ಟರಿಯ ಅಂಗಳದಲ್ಲೇ ನಡೆಯಿತು. ಬಟ್ಟೆ ಚಪ್ಪರದ ದೊಡ್ಡ ಮಾಂಡವ. ಮುಂದೆ ಸೋಫಾ. ಅದರ ಹಿಂದೆ ಕುರ್ಚಿ. ಕೊನೆಗೆ ತಾಡಪತ್ರಿ ಹಾಸಿದ ನೆಲ. ನಮ್ಮ ಓಣಿಯವರು ತಾಡಪತ್ರಿಯೂ ಮುಗಿದ ಕಡೆ ಬಿಸಿಲಲ್ಲಿ ನಿಂತಿದ್ದರು. ಅವ್ವ ಅಲ್ಲಿದ್ದಳು. ವೇದಿಕೆಯ ಮೇಲೆ ಸರ್ಕಾರದ ಅಧಿಕಾರಿಗಳು, ಪ್ರೊಫೆಸರರು, ಅಣ್ಣಾಸಾಬ. ನನಗೂ ಒಂದು ಕುರ್ಚಿ ಇಟ್ಟಿದ್ದರು. ಅಣ್ಣಾಸಾಬ ತಾನೇ ಕೈಯಾರೆ ನನಗೆ ನೀರಿನ ಬಾಟಲಿ ಕೊಟ್ಟ.

"ನಮ್ಮೂರ ಮಗಳು" ಎಂದ ಮೈಕಿನಲ್ಲಿ. "ನಮ್ಮ ಊರ ನೀರ ಹೆಂಗೈತಂತ ನಮ್ಮ ಪೋರೀನ ಹೇಳತಾಳ. ಚಪ್ಪಾಳಿ ಬಡೀರಿ."

ಬಡಿದರು. ನಾನು ಎದ್ದೆ. ಅಂಗಳದ ಕೊನೆಯಲ್ಲಿ ಅವ್ವ ಸೆರಗು ಕಣ್ಣಿಗೆ ಮರೆ ಮಾಡಿಕೊಂಡು ನೋಡುತ್ತಿದ್ದಳು.

"ಇದನ್ನ ಓದಂತ ಕೊಟ್ಟಾರ. ನಾ ಓದೂದಿಲ್ಲ."

ವರದಿಯ ಕಾಗದ ಮಡಚಿ ಟೇಬಲ್ಲಿನ ಮೇಲೆ ಇಟ್ಟೆ.

"ಮಿರಗದಾಗ ಮೀನ ಸತ್ತದ್ದು ಈ ಫ್ಯಾಕ್ಟರಿ ಮಳಿ ನೀರಿಗೆ. ನಾನ ನಾಲಾಕ್ಕ ಇಳದ ಬಾಟ್ಲಿ ತುಂಬೀನಿ. ಈ ಸರ್ ಅದನ್ನ ನನ್ನ ಕೈಲೆ ಬಚ್ಚಲಕ್ಕ ಚೆಲ್ಲಿಸ್ಯಾರ. ಈಗ ನಮ್ಮವ್ವ ಇಸಾ ಹಾಕ್ಯಾಳಂತ ನನ್ನ ಬಾಯಿಲೆ ಹೇಳಸಾಕತ್ತಾರ."

"ಏ, ಮೈಕ್ ಬಂದ್ ಮಾಡಲೇ!" ಅಣ್ಣಾಸಾಬ ಕೂಗಿದ.

ಮೈಕು ಸತ್ತಿತು. ನಾನು ಗಂಟಲು ಏರಿಸಿದೆ. ಕಾಲೆತ್ತಿ ವೇದಿಕೆಯ ಟೇಬಲ್ಲಿನ ಮೇಲೆ ಇಟ್ಟೆ. ಅಧಿಕಾರಿಗಳ ಹೂಗುಚ್ಛದ ಪಕ್ಕದಲ್ಲಿ.

"ನೋಡ್ರಿ. ನಿಮ್ಮ ನೀರಿನ ವರದಿ ನೋಡ್ರಿ. ಚರ್ಮ ಎಲ್ಲೈತಿ ತೋರಸ್ರಿ."

ಒಬ್ಬ ಅಧಿಕಾರಿ ಕುರ್ಚಿ ಹಿಂದೆ ಸರಿಸಿದ. ಸೋಫಾದಿಂದ ಯಾರೋ ಕಿರುಚಿದರು. "ಎರಡ ಅಕ್ಷರ ಕಲತ ಕೂಡಲೇ ನೆತ್ತಿಗೇರೈತಿ ಇವಕ್ಕ. ಇಳಸ್ರಿ ಅಕೀನ!"

ಪ್ರೊಫೆಸರರು ಅಧಿಕಾರಿಗಳ ಕಡೆ ಬಾಗಿದರು. "ಕ್ಷಮಿಸಿ. ಈಕೆ ದಿನಗೂಲಿ ಸಹಾಯಕಿ. ಈಕೆಗೆ ವಿಜ್ಞಾನ ಗೊತ್ತಿಲ್ಲ."

"ಹೌದ್ರಿ ಸರ್. ನೀವು ಒಮ್ಮಿ ನಾಲಾಕ್ಕ ಇಳೀರಿ. ಆಮ್ಯಾಲ ವಿಜ್ಞಾನ ಮಾತಾಡೋಣು."

ಅಣ್ಣಾಸಾಬ ನನ್ನ ರಟ್ಟೆ ಹಿಡಿದ. ಕೊಡವಿದೆ.

"ಮುಟ್ಟಬ್ಯಾಡ! ಊಟಕ್ಕ ಕುಂತಾಗ ನನ್ನ ತಾಟ ಮುಟ್ಟಾಕ ಹೇಸಿದಿ. ಹೊರಗ ದಬ್ಬಾಕ ನನ್ನ ಮೈ ಮುಟ್ಟಾಕ ಬರತೈತೇನ?"

ಅವನ ಕೈ ಗಾಳಿಯಲ್ಲೇ ನಿಂತಿತು. ತಾಡಪತ್ರಿಯ ಮೇಲಿಂದ ಕುರಿಗಾರ ಅಮೋಘಸಿದ್ದ ಎದ್ದ. "ನನ್ನ ಕುರಿ ಆ ನೀರ ಕುಡದ ಸತ್ತಾವ. ಅವೂ ಬ್ಲೀಚಿಂಗ್ ಪುಡಿ ತಿಂದಿದ್ವೇನ್ರಿ?" ಎಂದ. ಹಿಂದೆ ಗದ್ದಲ ಎದ್ದಿತು. ನಮ್ಮ ಓಣಿಯ ಹೆಂಗಸರು ಬಿಸಿಲು ಬಿಟ್ಟು ಮಾಂಡವದೊಳಗೆ ಬಂದರು. ಕುರ್ಚಿಗಳ ನಡುವೆ ಬಂದರು. ಸೋಫಾದವರೆಗೆ ಬಂದರು. ಅಧಿಕಾರಿಗಳು ಎದ್ದು, ಹೇಳುವುದಿದ್ದರೆ ಬರೆದು ಕೊಡಿ ಎಂದು ಕಾರು ಹತ್ತಿದರು. ಸಭೆ ಶಾಂತವಾಗಿ ಮುಗಿಯಿತು ಎಂದು ಮರುದಿನ ಪೇಪರಿನಲ್ಲಿ ಬಂತು.

ಆದರೆ ನಾವು ಮರುದಿನದವರೆಗೆ ಕಾಯಲಿಲ್ಲ.

ಮೊದಲು ಹೆಜ್ಜೆ ಹಾಕಿದವಳು ಅವ್ವ. "ಬರದ ಕೊಡಾಕ ನಮಗ ಬರೂದಿಲ್ಲ. ಮುಚ್ಚಾಕ ಬರತೈತಿ" ಎಂದಳು. ನಾಲಾದ ಕಡೆಗೆ ನಡೆದಳು. ಹೆಂಗಸರು ಹಿಂದೆ ಬಂದರು. ಪ್ರೊಫೆಸರರು ಜೀಪಿನ ಹತ್ತಿರ ನಿಂತು ತೌಸಿಫನನ್ನು ಕೂಗುತ್ತಿದ್ದರು. ತೌಸಿಫ ಅವರ ಬ್ಯಾಗನ್ನು ಇಳಿಸಿ ನೆಲಕ್ಕೆ ಇಟ್ಟ.

"ಗಾಡಿ ಖಾಲಿ ಇಲ್ರಿ ಸಾಹೇಬ್ರ. ಕಲ್ಲ ಹೇರೂದೈತಿ."

ಮಹಾಪೂರಕ್ಕೆ ಬಿದ್ದ ನಮ್ಮದೇ ಮನೆಗಳ ಕಲ್ಲುಗಳು ದಂಡೆಯಲ್ಲಿ ಬಿದ್ದಿದ್ದವು. ಅವನ್ನೇ ಹೊತ್ತೆವು. ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿದೆವು. ಒಬ್ಬರ ಕೈಯಿಂದ ಒಬ್ಬರ ಕೈಗೆ. ನಾನು ನಾಲಾಕ್ಕೆ ಇಳಿದು ಪೈಪಿನ ಬಾಯಿಗೆ ಒಟ್ಟಿದೆ. ಬೊಬ್ಬೆ ಎದ್ದ ಕೈಯಿಂದಲೇ ಅವ್ವ ಚೀಲ ಕೊಡುತ್ತಿದ್ದಳು. ಬೊಬ್ಬೆ ಒಡೆದವು. ನಿಲ್ಲಲಿಲ್ಲ. ನೀರು ಮೊದಲು ಸಂದಿಯಿಂದ ಚಿಮ್ಮಿತು. ಇನ್ನಷ್ಟು ಮಣ್ಣು ಬಡಿದೆವು. ಆಮೇಲೆ ಪೈಪಿನೊಳಗೆ ಗುಡುಗಿತು. ಗೋಡೆಯ ಆಚೆ ಮಳಿ ನೀರು ಗಟಾರ ತುಂಬಿ ಮೇಲೆದ್ದಿತು. ಅಂಗಳಕ್ಕೆ ನುಗ್ಗಿತು. ಮಾಂಡವಕ್ಕೆ ನುಗ್ಗಿತು. ಸೋಫಾದ ಕಾಲಿಗೆ ಬಂತು. ಗೆಸ್ಟ್‌ಹೌಸಿನ ಮೆಟ್ಟಿಲಿಗೆ ಬಂತು. ಅಣ್ಣಾಸಾಬ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಗೋಡೆ ಹತ್ತಿ ನಿಂತು ಪೊಲೀಸರಿಗೆ ಫೋನ್ ಮಾಡುತ್ತಿದ್ದ.

ಪೊಲೀಸರು ಬಂದು ನಮ್ಮನ್ನೆಲ್ಲ ಠಾಣೆಗೆ ಒಯ್ದರು. ಹೋಗುವ ಮುನ್ನ ಪ್ರೊಫೆಸರರು ವ್ಯಾನಿನ ಹತ್ತಿರ ಬಂದು, ನಿನ್ನ ಕೆಲಸ ಹೋಯಿತು, ಪಿಎಚ್.ಡಿ.ಯೂ ಹೋಯಿತು, ಯಾವ ಸಂಸ್ಥೆಯಲ್ಲೂ ಕಾಲಿಡದ ಹಾಗೆ ಮಾಡುತ್ತೇನೆ ಎಂದರು. ಅವರ ಬೂಟಿಗೆ ಮಳಿ ನೀರು ಹತ್ತಿತ್ತು. ಅವ್ವ ನನ್ನ ಕೈ ಹಿಡಿದುಕೊಂಡು ಕುಳಿತಿದ್ದಳು.

ಠಾಣೆಯಲ್ಲಿ ಹವಾಲ್ದಾರ ಒಬ್ಬೊಬ್ಬರನ್ನೇ ಕರೆದು ಬರೆದುಕೊಂಡ. ಹೆಂಗಸರ ಹೆಸರಿನ ಮುಂದೆಲ್ಲ ಕೂಲಿ, ಕೂಲಿ ಎಂದು ಬರೆಯುತ್ತ ಬಂದ. ನನ್ನ ಸರದಿ ಬಂತು.

"ಹೆಸರ?"

"ಸೋನಾಲಿ."

"ಉದ್ಯೋಗ?"

"ಕಡಲ ಜೀವಶಾಸ್ತ್ರ ಸಂಶೋಧನೆ."

ಅವನು ಪೆನ್ನು ಎತ್ತಿ ನೋಡಿದ. ನಕ್ಕ. ಪಕ್ಕದವನಿಗೆ ಹೇಳಿ ಅವನನ್ನೂ ನಗಿಸಿದ.

"ನಮ್ಮ ಚಿಕ್ಕೋಡಿ ತಾಲೂಕಿನ್ಯಾಗ ಕಡಲ ಎಲ್ಲೈತವ್ವಾ?"

"ಆ ನಾಲಾ ಎಲ್ಲಿಗೆ ಹೋಗಿ ಮುಟ್ಟತೈತೋ ಅಲ್ಲೈತ್ರಿ."

ಅವನು ಕಾಗದ ತಿರುಗಿಸಿ ನನ್ನ ಮುಂದೆ ತಳ್ಳಿದ. ಕೂಲಿ ಎಂದೇ ಬರೆದಿದ್ದ.

"ಸಹಿ ಮಾಡ."

"ತಿದ್ದರಿ."

"ಏನ?"

"ಕೂಲಿ ಮಾಡಿದ್ರ ಕೂಲಿ ಅಂತ ಬರೀರಿ. ನಮ್ಮವ್ವ ಮೀನ ಹಿಡಿತಾಳ, ಹಂಗಂತ ಬರೀರಿ. ನಾ ಮಾಡೂದನ್ನ ಬರೀರಿ. ಅಲ್ಲೀತನಕ ಇಲ್ಲಿ ಯಾರೂ ಸಹಿ ಮಾಡೂದಿಲ್ಲ."

"ಹೆಬ್ಬಟ್ಟೂ ಒತ್ತೂದಿಲ್ಲ" ಎಂದಳು ಅವ್ವ ಹಿಂದಿನಿಂದ.

ಅವನು ಬೈದ. ಟೇಬಲ್ಲು ಗುದ್ದಿದ. ಒಳಗೆ ಹಾಕುತ್ತೇನೆ ಎಂದ. ಹಾಕು ಎಂದೆವು. ಓಣಿಯ ಹೆಂಗಸರೆಲ್ಲ ಠಾಣೆಯ ನೆಲದ ಮೇಲೆ, ಒದ್ದೆ ಸೀರೆಯಲ್ಲೇ, ಕಾಲು ಚಾಚಿ ಕುಳಿತರು. ಮಳಿ ನೀರಿನ ವಾಸನೆ ಠಾಣೆಯ ತುಂಬ ಹರಡಿತು. ಪಕ್ಕದವನು ಎದ್ದು ಕಿಟಕಿ ತೆರೆದ. ಹವಾಲ್ದಾರ ಹೊರಗೆ ಹೋಗಿ ಬಂದ, ಮತ್ತೆ ಹೋಗಿ ಬಂದ. ಕೊನೆಗೆ ಕಾಗದ ತನ್ನ ಕಡೆ ಎಳೆದುಕೊಂಡು, ಕೂಲಿಯ ಮೇಲೆ ಅಡ್ಡಗೆರೆ ಎಳೆದ.

"ಹೇಳ, ಇನ್ನೊಮ್ಮಿ" ಎಂದ. "ಸಾವಕಾಶ ಹೇಳ."